ಐದನೇ ಮಹಡಿ, ಲಿಫ್ಟ್ ಇಲ್ಲ

"ಈ ಬೋರ್ಡ್ ಯಾರು ಹಾಕಿದ್ದು?"

ಲಿಫ್ಟಿನ ಬಾಗಿಲಿಗೆ ತೂಗುಬಿಟ್ಟಿದ್ದ 'ಕೆಲಸ ನಡೆಯುತ್ತಿದೆ' ಎಂಬ ಹಲಗೆಯನ್ನು ನೋಡಿ ಅವಳು ಕಿಡಿಕಿಡಿಯಾದಳು. ಎರಡೂ ಕೈಯಲ್ಲಿ ಪ್ರವಾಸದ ಪುಸ್ತಿಕೆಗಳ ಕಟ್ಟು, ಹೆಗಲಲ್ಲಿ ಚೀಲ. ಆಫೀಸು ನಾಲ್ಕನೇ ಮಹಡಿಯಲ್ಲಿ.

ಲಿಫ್ಟಿನ ಕೆಳಗಿನ ಗುಂಡಿಯಿಂದ ಒಂದು ತಲೆ ಮೇಲೆ ಬಂತು. ಕೆನ್ನೆಗೆ ಗ್ರೀಸು, ಹಲ್ಲಿನ ನಡುವೆ ಸಣ್ಣ ಟಾರ್ಚು. ಟಾರ್ಚು ತೆಗೆದು, "ನಾನೇ," ಎಂದ.

"ಸೋಮವಾರ ಬೆಳಗ್ಗೇನೇ ಬೇಕಿತ್ತಾ ನಿಮಗೆ?"

"ಕೆಟ್ಟಿದ್ದೇ ಸೋಮವಾರ ಬೆಳಗ್ಗೆ. ನಾನೇನ್ ಮಾಡ್ಲಿ?"

"ನಿನ್ನೆ ರಜಾ ಇತ್ತಲ್ಲ, ನಿನ್ನೆ ಕೆಡು ಅಂತ ಹೇಳ್ಬೇಕಿತ್ತು ಅದಕ್ಕೆ."

ಅವನು ನಕ್ಕುಬಿಟ್ಟ. ಅದೇ ತಪ್ಪಾಯಿತು.

ಅವಳಿಗೆ ಕೋಪ ಮೂಗಿನ ತುದಿಯಲ್ಲೇ. ಆಫೀಸಿನವರು ಅವಳಿಗೆ ಇಟ್ಟ ಹೆಸರು ಕುಕ್ಕರ್. ಆವತ್ತು ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಆ ನಗುವಿಗೆ ಕೊಡಬಹುದಾಗಿದ್ದ ಉತ್ತರಗಳೆಲ್ಲ ಹೊಳೆದವು. ಕೇಳಿಸಿಕೊಳ್ಳಲು ಅವನು ಪಕ್ಕದಲ್ಲಿರಲಿಲ್ಲ, ಅಷ್ಟೇ.

ಅವಳದು ಪ್ರವಾಸದ ಆಫೀಸು. ಯುರೋಪಿಗೆ ಹನಿಮೂನ್ ಹೋಗಬೇಕು, ಆದರೆ ಜೇಬು ಅಷ್ಟು ದೊಡ್ಡದಲ್ಲ ಎನ್ನುವವರೆಲ್ಲ ಅವಳ ಮೇಜಿಗೇ ಬರುತ್ತಿದ್ದರು. ಸ್ವತಃ ಅವಳು ಒಮ್ಮೆಯೂ ಅಲ್ಲಿಗೆ ಹೋದವಳಲ್ಲ. ಆದರೂ ಯಾವ ಬೀದಿ ಹೇಗೆ ಎಂದು ಕಂಪ್ಯೂಟರಿನಲ್ಲೇ ನಡೆದು ನಡೆದು ಕಲಿತಿದ್ದಳು. ರೈಲ್ವೆ ನಿಲ್ದಾಣದ ಎದುರಿನ ಹೋಟೆಲು ಅಗ್ಗ, ನಿದ್ದೆ ಬರುವುದಿಲ್ಲ. ದೊಡ್ಡ ಚೌಕದ ಪಕ್ಕದ್ದು ಚಂದ, ಕಾಫಿ ಕುಡಿದರೂ ಕೈ ಸುಡುತ್ತದೆ. ನದಿ ದಾಟಿ ಟ್ರಾಮಿನಲ್ಲಿ ಸ್ವಲ್ಪ ದೂರ ಹೋಗಿ, ಕೆಳಗೆ ಬೇಕರಿ, ಮೇಲೆ ಬಟ್ಟೆ ಒಣಹಾಕಿದ ಬಾಲ್ಕನಿ ಇರುವ ಸಂಸಾರಸ್ಥರ ಬೀದಿಯಲ್ಲಿ ರೂಮು ಹಿಡಿಯಬೇಕು ಎಂಬುದು ಅವಳ ಸೂತ್ರ.

ಮಧ್ಯಾಹ್ನ ಅದೇ ಲಿಫ್ಟಿನವನು ಮುಖ ತೊಳೆದುಕೊಂಡು ಬಂದು ಎದುರು ಕುಳಿತ.

"ಲಿಫ್ಟ್ ಸರಿಹೋಯ್ತು."

"ಹಾರ ಹಾಕ್ಬೇಕಾ?"

"ಬೇಡ. ಯುರೋಪಿಗೆ ಇಬ್ಬರು ಹೋಗ್ಬೇಕು. ಹನಿಮೂನ್." ಅವನ ಕಿವಿ ಕೆಂಪಾಯಿತು. "ಹೋಟೆಲ್ ಅಗ್ಗದ್ದೇ ಇರ್ಲಿ. ಆದ್ರೆ ಲಿಫ್ಟ್ ಇರ್ಲೇಬೇಕು."

"ಅಲ್ಲಿ ಹೋಗಿಯೂ ರಿಪೇರಿ ಮಾಡ್ತೀರಾ?"

"ಅಭ್ಯಾಸ ಬಿಡಿ. ಹೆಸರು, ಪಾಸ್‌ಪೋರ್ಟು ಎಲ್ಲ ಕೊನೆಗೆ ಕೊಡ್ತೀನಿ. ಸ್ವಲ್ಪ ಸಂಕೋಚ."

ಮದುವೆ ಗಂಡು ನಾಚಿಕೊಂಡಿದ್ದಾನೆ ಎಂದುಕೊಂಡಳು. ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಯಾಕೆಂದು ಕೇಳಿಕೊಳ್ಳಲು ಹೋಗಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ ಅವನು ಹಾಜರು. ಇಬ್ಬರೂ ಒಂದೇ ಪರದೆಯ ಮುಂದೆ ಕುಳಿತು ಕಾಣದ ಊರಿನ ಬೀದಿಗಳಲ್ಲಿ ನಡೆದರು, ಜಗಳವಾಡುತ್ತಲೇ.

"ಈ ರಸ್ತೆ ತುಂಬಾ ಏರು."

"ಹನಿಮೂನಿಗೆ ಹೋಗೋರು ಇಷ್ಟೂ ಹತ್ತಲ್ವಾ?"

"ಇಲ್ಲಿ ಕಲ್ಲು ಹಾಸಿದ್ದಾರೆ. ಕಾಲು ನೋಯುತ್ತೆ."

"ಹಾಗಾದ್ರೆ ಎತ್ಕೊಂಡು ಹೋಗಿ."

"ಭಾರ ಇದ್ದಾಳೆ."

ಕಟ್ಟಿಕೊಳ್ಳುವವಳ ಬಗ್ಗೆ ಹೀಗಾ ಮಾತಾಡುವುದು? ಅವಳಿಗೆ ಮೈ ಉರಿಯಿತು. ಅಷ್ಟರಲ್ಲಿ ಪರದೆಯ ಮೇಲೆ ಬೇಕರಿಯ ಮುಂದೆ ಮಲಗಿದ್ದ ನಾಯಿಯೊಂದು ಮುಂದಿನ ತಿರುವಿನಲ್ಲೂ ಕಾಣಿಸಿತು. "ನಮ್ಮನ್ನೇ ಫಾಲೋ ಮಾಡ್ತಿದೆ," ಎಂದ ಅವನು. ಅವಳು ನಕ್ಕಳು, ಅವನೂ ನಕ್ಕ, ನಗು ನಿಂತ ಮೇಲೂ ಇಬ್ಬರೂ ಪರಸ್ಪರ ನೋಡುತ್ತಲೇ ಇದ್ದರು.

'ಬೇರೆಯವಳ ಗಂಡ ಆಗೋನು ಕಣೇ ಅವನು... ಮಾನ ಮರ್ಯಾದೆ ಇದೆಯಾ ನಿನಗೆ?' ಎಂದು ಅವಳು ತನ್ನನ್ನೇ ಬೈದುಕೊಂಡಳು. ಅವನನ್ನೂ ಬೈದಳು, ಮನಸ್ಸಿನಲ್ಲೇ. ಮದುವೆ ಗೊತ್ತಾದವನು ಹೀಗೆ ನೋಡಬಹುದೇ?

ಕೊನೆಗೆ ಉಳಿದದ್ದು ನದಿ ತೀರದ ಊರು. ಒಂದೇ ಬೆಲೆಗೆ ಎರಡು ರೂಮು ಸಿಕ್ಕಿದ್ದವು. ಒಂದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇತ್ತು. ಇನ್ನೊಂದು ಹಳೇ ಕಟ್ಟಡದ ಐದನೇ ಮಹಡಿ, ಬರೀ ಸುತ್ತುಮೆಟ್ಟಿಲು.

ಆಗ ಅವನ ಫೋನು ಬಂತು. "ಹ್ಞೂಂ ಚಿನ್ನ... ಕಿಟಕಿಯಿಂದ ನದಿ ಕಾಣುತ್ತೆ. ನೀನು ಚಿಂತೆ ಮಾಡ್ಬೇಡ," ಎಂದು ಮಾತು ಮುಗಿಸಿ ಅವಳತ್ತ ತಿರುಗಿದ. "ಅವಳು ಖುಷಿಯಾಗಿದ್ರೆ ಸಾಕು. ಇಷ್ಟು ವರ್ಷ ನನಗೋಸ್ಕರ ಕಾದಿದ್ದಾಳೆ."

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಚಿನ್ನವಂತೆ! ಹತ್ತಲಿ, ಚಿನ್ನ ಐದು ಮಹಡಿ ಹತ್ತಲಿ, ಇವನು ಹೊತ್ತುಕೊಂಡು ಹತ್ತಲಿ...

ಅವಳ ಬೆರಳು ಐದನೇ ಮಹಡಿಯನ್ನು ಒತ್ತಿತು.

"ಲಿಫ್ಟ್ ಇದೆ ತಾನೇ?"

"ಇದೆ."

ಮುಂದಿನ ಶುಕ್ರವಾರ ಅವನ ಜೊತೆ ಇಬ್ಬರು ಬಂದರು. ಕೈಯಲ್ಲಿ ಕೋಲು ಹಿಡಿದ ದಪ್ಪನೆಯ ಹೆಂಗಸು, ಅವರ ಹಿಂದೆ ಕಡ್ಡಿಯಂಥ ಗಂಡಸು. ಹೆಂಗಸು ಕುರ್ಚಿಯಲ್ಲಿ ಕುಳಿತು, ಮೊಣಕಾಲು ನೀವಿಕೊಂಡು, ಆಫೀಸಿಗೆಲ್ಲ ಕೇಳುವಂತೆ ಹೇಳಿದರು. "ನಾನು ಇವನ ತಾಯಿ. ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದೋಳು. ಇವರು ಕನ್ನಡಕದ ಅಂಗಡಿಯವರು. ಹನಿಮೂನಿಗೆ ಹೋಗ್ತಿರೋದು ನಾವಿಬ್ರು. ನಗೋದಾದ್ರೆ ಈಗಲೇ ನಕ್ಕುಬಿಡಿ, ಆಮೇಲೆ ಕೆಲಸ ಮಾಡೋಣ."

ಯಾರೂ ನಗಲಿಲ್ಲ.

ಏರು ರಸ್ತೆ ಬೇಡ. ಕಲ್ಲು ಹಾಸು ಬೇಡ. ಭಾರ ಇದ್ದಾಳೆ. ಮಗನಿಗಾಗಿ ವರ್ಷಗಟ್ಟಲೆ ಕಾದ ಚಿನ್ನವೂ ಇವರೇ. ಎಲ್ಲವೂ ಒಟ್ಟಿಗೇ ಅರ್ಥವಾಯಿತು.

"ನದಿ ಊರಿನ ರೂಮು ತೋರಿಸಿ ಅಮ್ಮಂಗೆ," ಎಂದ ಅವನು, ಮುಖ ತುಂಬ ನಗುತ್ತ.

ಸುಮ್ಮನಿದ್ದು ಸಂಜೆ ಬದಲಾಯಿಸಬಹುದಿತ್ತು. ಆದರೆ ಲಿಫ್ಟಿದ್ದ ರೂಮು ಆಗಲೇ ಬೇರೆಯವರ ಪಾಲಾಗಿತ್ತು. ಆ ಮೊಣಕಾಲನ್ನು ನೋಡುತ್ತ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಅಲ್ಲಿ ಲಿಫ್ಟ್ ಇಲ್ಲ. ಐದನೇ ಮಹಡಿ. ಗೊತ್ತಿದ್ದೇ ಹಾಕಿದೆ."

ಅವನ ನಗು ಆರಿತು. "ಇದೆ ಅಂದ್ರಲ್ಲ?"

"ಸುಳ್ಳು ಹೇಳಿದೆ."

"ಯಾಕೆ?"

ಅದಕ್ಕೆ ಉತ್ತರ ಇತ್ತು. ಹೇಳುವಂತಿರಲಿಲ್ಲ. ಉಳಿದದ್ದು ಸಿಟ್ಟೊಂದೇ. "ಅಮ್ಮನಿಗೆ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಇದಕ್ಕೂ ಮುಂಚೆ ಹೋಗಿದ್ದ ಟ್ರಾವೆಲ್ ಆಫೀಸಲ್ಲಿ ಹೇಳಿದ್ದೆ. ಮೇಜಿಂದ ಮೇಜಿಗೆ ನಗು ಹೋಯ್ತು, ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು." ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. "ನಾನು ದಿನಾ ಜನಕ್ಕೆ ಒಂದೇ ಮಾತು ಹೇಳೋದು, ಲಿಫ್ಟ್ ಹತ್ತಿ, ಏನೂ ಆಗಲ್ಲ ಅಂತ. ಅವರು ನಂಬಿ ಹತ್ತುತ್ತಾರೆ. ನೀವು ಇದೆ ಅಂದಾಗ ನಾನೂ ಹಾಗೇ ನಂಬಿದೆ."

ಅವನು ಎದ್ದು ಹೊರಟುಹೋದ.

"ನಾನು ಎತ್ಕೊಂಡು ಹತ್ತುತ್ತಿದ್ದೆ," ಎಂದರು ಕನ್ನಡಕದವರು ಮೆಲ್ಲಗೆ.

"ನೀವು ಸುಮ್ನಿರಿ. ನಿಮ್ಮನ್ನೇ ನಾನು ಎತ್ಬೇಕು." ತಾಯಿ ಅವಳ ಮುಖವನ್ನೇ ನೋಡುತ್ತಿದ್ದರು. "ಮದುವೆ ಅವನದ್ದು ಅಂದ್ಕೊಂಡಿದ್ಯಾ?"

ಅವಳು ತಲೆ ತಗ್ಗಿಸಿದಳು. ಕಣ್ಣೀರು ಕೀಬೋರ್ಡಿನ ಮೇಲೆ ಬಿತ್ತು.

"ಹೊಟ್ಟೆಕಿಚ್ಚು ನಿಂದು, ಮೊಣಕಾಲು ನಂದು. ಚೆನ್ನಾಗಿದೆಯಮ್ಮಾ ನ್ಯಾಯ." ಕೋಲು ಊರಿ ಎದ್ದರು. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ನೀನು ಕೊತ್ತಿ ಮೇಲಿನ ಕೋಪಾನ ತಂದು ಅತ್ತೆ ಮೇಲೆ ಹಾಕಿದ್ದೀಯ. ಮೊದಲು ರೂಮು ಸರಿಮಾಡು."

ಅತ್ತೆ ಎಂದರೇ ಅವರು? ಅವಳು ತಲೆಯೆತ್ತುವಷ್ಟರಲ್ಲಿ ಇಬ್ಬರೂ ಬಾಗಿಲು ದಾಟಿದ್ದರು.

ಊಟ ಬಿಟ್ಟು ಹುಡುಕಿದಳು. ಸೇತುವೆಯಾಚೆ, ಬಟ್ಟೆ ಒಣಗುವ ಬೀದಿಯಲ್ಲಿ, ವಿಧವೆಯೊಬ್ಬಳು ನಡೆಸುವ ಸಣ್ಣ ವಸತಿಮನೆ. ನೆಲಮಹಡಿಯ ರೂಮು, ಕಿಟಕಿ ತೆರೆದರೆ ನದಿ. ಚಿತ್ರ ನೋಡಿ ನಂಬುವ ಕಾಲ ಹೋಗಿತ್ತು. ಆ ಒಡತಿಯನ್ನು ಕಾಡಿ ಬೇಡಿ, ವಿಡಿಯೋ ಕರೆಯಲ್ಲಿ ಫೋನು ಹಿಡಿಸಿ ಟ್ರಾಮಿನಿಂದ ಮಂಚದವರೆಗೆ ನಡೆಸಿದಳು. ಹೊಸಿಲು ಎತ್ತರವಿದೆಯಾ, ಬಚ್ಚಲಲ್ಲಿ ಹಿಡಿಯಲು ಕಂಬಿ ಇದೆಯಾ ಎಂದು ಎಲ್ಲವನ್ನೂ ನೋಡಿದಳು. ಅವನ ತಾಯಿಗೆ ಫೋನು ಮಾಡಿ ತಿಳಿಸಿದಳು. "ಸರಿ, ಅವನಿಗೆ ನೀನೇ ಹೇಳು," ಎಂದು ಅವರು ಫೋನಿಟ್ಟರು. ಅವನು ಮಾತ್ರ ಅವಳ ಫೋನು ಎತ್ತಲಿಲ್ಲ.

ಸೋಮವಾರ ಬೆಳಗ್ಗೆ ಲಿಫ್ಟಿಗೆ ಮತ್ತೆ ಅದೇ ಹಲಗೆ.

ಗುಂಡಿಯಲ್ಲಿ ತಲೆ ಕಾಣಲಿಲ್ಲ. ಮೆಟ್ಟಿಲು ಹತ್ತಿದಳು. ತನ್ನ ಆಫೀಸನ್ನೂ ದಾಟಿ ತಾರಸಿಗೆ ಹೋದಾಗ, ಮೋಟಾರಿನ ಕೋಣೆಯ ಬಾಗಿಲಲ್ಲಿ ಅವನು ಕೈಕಟ್ಟಿ ನಿಂತಿದ್ದ.

"ಏನಾಗಿದೆ... ಲಿಫ್ಟಿಗೆ?" ಅವಳಿಗೆ ಏದುಸಿರು.

"ಏನೂ ಆಗಿಲ್ಲ."

"ಮತ್ತೆ?"

"ಬೋರ್ಡ್ ಮೊದಲೇ ಹಾಕಿ ಬಂದಿದ್ದೆ. ನೀವು ಗೇಟಿಗೆ ಬಂದಿದ್ದು ಇಲ್ಲಿಂದ ಕಂಡ್ತು. ಒಳಗೆ ಯಾರೂ ಇಲ್ಲ ಅಂತ ನೋಡ್ಕೊಂಡು ನಿಲ್ಲಿಸಿದೆ. ಹತ್ತೋದು ಅಂದ್ರೇನು ಅಂತ ಗೊತ್ತಾಗ್ಲಿ ಅಂತ."

ಅವಳಿಗೆ ಕೋಪ ನೆತ್ತಿಗೇರಿತು. "ಗೊತ್ತಾಯ್ತು. ಇನ್ನೊಂದು ವಿಷಯ ನಿಮಗೆ ಗೊತ್ತಾಗ್ಬೇಕು. ನೀವು ಯಾವಳನ್ನೋ ಮದುವೆ ಆಗ್ತಿದ್ದೀರಿ ಅಂತ ನಾನು ಎಷ್ಟು ರಾತ್ರಿ ನಿದ್ದೆ ಮಾಡಿಲ್ಲ ಗೊತ್ತಾ? ಆ ಸಿಟ್ಟಿಗೇ ಆ ಬಟನ್ ಒತ್ತಿದ್ದು. ತಪ್ಪು ನಂದೇ. ಆದ್ರೆ ಮದುವೆ ಗೊತ್ತಾದೋನ ಥರ ಕೂತ್ಕೊಂಡು ಹಾಗೆ ನೋಡ್ತಿದ್ದಿದ್ದು ನಿಮ್ಮ ತಪ್ಪು!"

ಅವನು ಕಟ್ಟಿದ್ದ ಕೈ ಬಿಚ್ಚಿದ.

"ಹೋಟೆಲ್ ಎಲ್ಲ ಮೊದಲ ವಾರದಲ್ಲೇ ಮುಗಿಸಬಹುದಿತ್ತು," ಎಂದ. "ಆ ಏರು, ಈ ಕಲ್ಲು ಅಂತ ಅರ್ಧ ನೆಪ. ಈ ಶುಕ್ರವಾರಗಳು ಮುಗಿದುಹೋಗ್ತವಲ್ಲ ಅಂತ."

ಅವಳ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಕಣ್ಣು ತುಂಬಿತು. "ಅಮ್ಮನಿಗೆ ನೆಲಮಹಡಿ ಸಿಕ್ತು. ನದಿ ಕಾಣುತ್ತೆ. ನಾನೇ ನೋಡಿದೀನಿ."

"ಅಮ್ಮ ಹೇಳಿದ್ಲು. ನಿಮ್ಮನ್ನ ಕೊತ್ತಿ ಅಂತಾನೂ ಏನೋ ಹೇಳಿದ್ಲು."

"ಕೊತ್ತಿ ನೀವು."

ಅವನು ನಕ್ಕ. ಈ ಸಲ ಅದು ತಪ್ಪಾಗಲಿಲ್ಲ.

"ಆ ಐದನೇ ಮಹಡಿ ರೂಮು ಏನ್ ಮಾಡಿದ್ರಿ?"

"ಬಿಟ್ಟುಕೊಟ್ಟೆ."

"ಮುಂದಿನ ವರ್ಷಕ್ಕೆ ಹಿಡಿದಿಡೋಕಾಗುತ್ತಾ? ಇಬ್ಬರಿಗೆ."

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. "ಅಲ್ಲಿ ಲಿಫ್ಟ್ ಇಲ್ಲ."

"ನಿಜ ತಾನೇ?"

"ಈ ಸಲ ನಿಜ."

"ಹಾಗಾದ್ರೆ ಮೆಟ್ಟಿಲು ಹತ್ತೋಣ."

"ನಿಧಾನಕ್ಕೆ ಹತ್ತೋಣ," ಎಂದಳು ಅವಳು. "ಜಗಳ ಆಡೋಕೆ ಟೈಮ್ ಬೇಕಲ್ಲ."