ಮಾತ್ರೆ ನುಂಗದವಳು

"ನಿಮ್ಮ ಮಾತ್ರೆ ಎಲ್ಲಿ?"

ಬಸವೇಶ ಕೇಳಿದ್ದು ಇಷ್ಟೇ. ದಿವ್ಯಶ್ರೀ ತನ್ನ ಖಾಲಿ ಕೈ ನೋಡಿಕೊಂಡಳು.

ಹೆಣ್ಣು ನೋಡೋಕೆ ಬಂದವರು ಇಂಥದ್ದನ್ನ ಕೇಳ್ತಾರಾ ಅಂತ ಮೂಗು ಮುರೀಬೇಡಿ. ಅವರಿಬ್ಬರಿಗೂ ಎಚ್‌ಐವಿ ಇತ್ತು. ಸಂಬಂಧ ಕೂಡಿಸಿದ್ದು ಮಾನಂದವಾಡಿಯ ಆಪ್ತಸಮಾಲೋಚಕಿ ಶ್ಯಾಮಳ ಚೇಚಿ; ಮಲಯಾಳದಲ್ಲಿ ಚೇಚಿ ಅಂದರೆ ಅಕ್ಕ. ಅವರು ನಡೆಸುವ ಶಾಸ್ತ್ರದಲ್ಲಿ ಜಾತಕ ಇಲ್ಲ, ಹಾಡು ಹೇಳಿಸೋದಿಲ್ಲ. ಗಂಡು ಹೆಣ್ಣು ಎದುರುಬದುರು ಕೂತು ತಂತಮ್ಮ ಮಾತ್ರೆ ನುಂಗಬೇಕು. ಮುಚ್ಚುಮರೆ ಅಲ್ಲಿಗೇ ಮುಗೀಲಿ ಅಂತ.

ಪೆರಿಕಲ್ಲೂರಿನಿಂದ ಬಂದಿದ್ದ ಬಸವೇಶ ತನ್ನ ಮಾತ್ರೆ ನುಂಗಿ, ನೀರಿನ ಲೋಟವನ್ನು ಅವಳತ್ತ ಸರಿಸಿದ್ದ.

"ನಾನು... ತಗೊಳ್ಳಲ್ಲ."

"ಮರೆತು ಹೋಯ್ತಾ?"

"ಇಲ್ಲ. ಇದುವರೆಗೂ ತಗೊಂಡೇ ಇಲ್ಲ."

ಅವನು ಅವಳನ್ನೇ ನೋಡಿದ. ತುಂಬಿದ ಕೆನ್ನೆ, ಗಟ್ಟಿ ಮೈಕಟ್ಟು. ಕಾಯಿಲೆಯ ಸುಳಿವೇ ಇಲ್ಲ.

"ಹಾಗಾದ್ರೆ ನಿಮಗೆ ಕಾಯಿಲೆನೇ ಇಲ್ಲ. ಮೂರು ತಿಂಗಳಿಂದ ಫೋನಲ್ಲಿ ಹೇಳಿದ್ದೆಲ್ಲ ಸುಳ್ಳಾ? ನನ್ನ ಮೇಲೆ ಕನಿಕರ ಬಂತಾ?"

ಹೇಳು, ಈಗಲೇ ಹೇಳಿಬಿಡು... ಮನಸ್ಸು ಒಳಗೇ ಒದ್ದಾಡಿತು.

ಬಸವೇಶ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ.

ತೃಶ್ಶಿಲೇರಿಯ ದಿವ್ಯಶ್ರೀ ಮನೆಯ ಆ ಪುಟ್ಟ ಜಗಲಿಯಲ್ಲಿ ಶ್ಯಾಮಳ ಚೇಚಿ ಮಗಳ ಮೇಲೆ ಇಡುವಂತೆ ಅವಳ ಭುಜದ ಮೇಲೆ ಕೈಯಿಟ್ಟರು. "ನೀನೇ ಹೇಳ್ತೀಯ ಅಂತ ನಾನು ಸುಮ್ಮನಿದ್ದೆ, ಮೋಳೇ. ಯಾಕೆ ಬಾಯಿ ಬಿಡಲಿಲ್ಲ?"

ಯಾಕೆ ಅಂದರೆ... ಅತ್ತೆ ಮಲ್ಲಿಗಮ್ಮ.

ಆರು ವರ್ಷದ ಹಿಂದೆ ದಿವ್ಯಶ್ರೀಯ ಗಂಡ ಸವೆದು ಸವೆದು ತೀರಿಕೊಂಡಾಗಲೇ ಅವನ ಕಾಯಿಲೆ ಹೊರಬಿದ್ದದ್ದು. ಪರೀಕ್ಷೆಯಲ್ಲಿ ಇವಳಿಗೂ ಇತ್ತು, ಆದರೆ ಮೈ ಕರಗಲಿಲ್ಲ. ಹನ್ನೊಂದನೇ ದಿನದ ಊಟಕ್ಕೆ ಬಂದವರೆಲ್ಲರ ಮುಂದೆ ಅತ್ತೆ ಬೆರಳು ತೋರಿಸಿದಳು. "ನನ್ನ ಮಗ ಮಣ್ಣಾದ, ಇವಳು ದುಂಡಗೆ ಕೂತಿದ್ದಾಳೆ. ರೋಗ ತಂದವಳೇ ಇವಳು!"

ಆಮೇಲಿಂದ ದಿವ್ಯಶ್ರೀ ನೆಂಟರ ಮದುವೆಗೆ ಹೋದರೆ ಸುಮ್ಮಸುಮ್ಮನೆ ಕೆಮ್ಮುತ್ತಿದ್ದಳು. ಹಸಿವಿದ್ದರೂ ಎಲೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದಳು. ಆರೋಗ್ಯವಾಗಿರೋದು ಕಳ್ಳತನ ಅನ್ನೋ ಹಾಗೆ!

ಭಾನುವಾರ ಅವಳು ಪೆರಿಕಲ್ಲೂರಿನ ಬಸ್ಸು ಹತ್ತಿದಳು. ಇವನೂ ಹಾಗೇ ಅಂದುಬಿಟ್ಟರೆ? ಅನ್ನಲಿ. ಗೊತ್ತಿಲ್ಲದೆ ಬಿಟ್ಟು ಹೋಗೋದು ಬೇಡ.

ಬಸವೇಶ ಕರಿಮೆಣಸಿನ ತೋಟದಲ್ಲಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಕತ್ತಿ ಕೆಳಗಿಟ್ಟ.

"ನನಗೂ ಕಾಯಿಲೆ ಇದೆ," ಅಂದಳು ದಿವ್ಯಶ್ರೀ, ಕೂರದೆಯೇ. "ಆದರೆ ನನ್ನ ಮೈ ಅದನ್ನ ತಾನೇ ಅದುಮಿಟ್ಟಿದೆಯಂತೆ. ಸೋಂಕು ಹೊಕ್ಕ ಕೋಶ ಯಾವುದು ಅಂತ ಗುರುತು ಹಿಡಿಯೋಕೆ ಸಹಾಯ ಮಾಡೋ ಜೀನ್ ಎಲ್ಲರಲ್ಲೂ ಇರುತ್ತಂತೆ. ನನ್ನಲ್ಲಿ ಅದು ಸ್ವಲ್ಪ ಬೇರೆ ಥರ. ಅಪ್ಪ ಅಮ್ಮನಿಂದ ಬಂದದ್ದು. ನೂರಾರು ಜನರಲ್ಲಿ ಒಬ್ಬರಿಗೆ ಹೀಗಾಗುತ್ತಂತೆ. ಡಾಕ್ಟ್ರು ಆಗಾಗ ರಕ್ತ ನೋಡ್ತಾ ಇರ್ತಾರೆ."

ಅವಳು ಅತ್ತೆ ಅಂದದ್ದನ್ನೂ, ಸುಳ್ಳು ಕೆಮ್ಮನ್ನೂ ಹೇಳಿದಳು.

"ನಾನೇನು ಪುಣ್ಯ ಮಾಡಿಲ್ಲ ಬಸವೇಶ್. ತೀರಿಕೊಂಡ ನಮ್ಮನೆಯವರೇನು ಪಾಪ ಮಾಡಿರಲಿಲ್ಲ. ಆದ್ರೂ ನಾನು ಚೆನ್ನಾಗಿರೋದೇ ನನ್ನ ತಪ್ಪು ಅಂತ ಬದುಕಿದ್ದೀನಿ."

ಬಸವೇಶ ಒಂದು ಬಳ್ಳಿಯ ಬುಡ ಮುಟ್ಟಿದ.

"ಹೋದ ಸಲ ಸೊರಗು ರೋಗ ಬಂದು ಈ ಸಾಲೆಲ್ಲ ಒಣಗಿತು. ಇದೊಂದು ಉಳೀತು. ಉಳಿದ ಬಳ್ಳೀನ ಯಾರಾದರೂ ಬೈತಾರಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಜ ಹೇಳ್ಲಾ?" ಅವನ ದನಿ ತಗ್ಗಿತು. "ಆವತ್ತು ಸಿಟ್ಟಿಗಿಂತ ಭಯ ಜಾಸ್ತಿ ಇತ್ತು. ನಿಮಗೆ ಕಾಯಿಲೆ ಇಲ್ಲ ಅಂದ್ರೆ, ನನ್ನಂಥವನು ನಿಮಗ್ಯಾಕೆ ಬೇಕು ಅನ್ನಿಸ್ತು. ಈಗ ಇದನ್ನ ಕೇಳಿ ಹೊಟ್ಟೆಕಿಚ್ಚೂ ಆಗ್ತಿದೆ. ಮಾತ್ರೆ ಶುರುವಾಗೋ ಮುಂಚೆ ನಾನು ಬರೀ ಮೂಳೆ ಆಗಿದ್ದೆ."

"ನನಗೂ ಇದು ಶಾಶ್ವತ ಅಲ್ಲ. ಮುಂದೆ ಯಾವಾಗಲಾದರೂ ಮೈ ಸೋಲಬಹುದು. ಆಗ ನಾನೂ ಮಾತ್ರೆ ನುಂಗಬೇಕು."

"ನುಂಗಿದರಾಯ್ತು. ನನಗೆ ಅಭ್ಯಾಸ ಇದೆ, ಹೇಳಿಕೊಡ್ತೀನಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನು ಹತ್ತಿರ ಬಂದು ಅವಳ ಕೈ ಹಿಡಿದ. ಮಣ್ಣಾದ ಕೈ, ಬೆಚ್ಚಗಿತ್ತು.

"ನನ್ನ ಜೊತೆ ಚೆನ್ನಾಗಿರ್ತೀಯಾ, ದಿವ್ಯಾ?"

ಮೊದಲ ಸಲ ಏಕವಚನ. ಅವಳು ತಲೆ ತಗ್ಗಿಸಲಿಲ್ಲ.

"ಇರ್ತೀನಿ," ಅಂದಳು. "ಯಾರ ಎದುರಿಗೆ ಬೇಕಾದ್ರೂ."