ಚಾವಡಿಗೆ ಬಂದ ತುಳಸಿ

"ಈ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಅತ್ತೆ."

ಸರೋಜಿನಿ ಆ ಮಾತು ಕೊಟ್ಟದ್ದು ಅರವತ್ತೈದರ ಯುದ್ಧದಲ್ಲಿ, ಸೇನೆಯಲ್ಲಿದ್ದ ಗಂಡ ಸದಾನಂದ ಇನ್ನಿಲ್ಲ ಎಂಬ ತಂತಿ ಬಂದ ವಾರದಲ್ಲಿ. ಅವಳನ್ನು ಕರೆದೊಯ್ಯಲು ಉಡುಪಿಯಿಂದ ಅಪ್ಪ ಬಂದಿದ್ದರು. ಪೆಟ್ಟಿಗೆಯೂ ಕಟ್ಟಿಯಾಗಿತ್ತು. ಅತ್ತೆ ಗುಣವತಿಯಮ್ಮ ಅಳಲಿಲ್ಲ. ಅವಳ ಕೈ ಹಿಡಿದು, "ನೀನೂ ಹೋಗ್ತಿಯಾ?" ಎಂದಷ್ಟೇ ಕೇಳಿದರು.

ಅಪ್ಪ ಒಬ್ಬರೇ ರೈಲು ಹತ್ತಿದರು.

ಅದಾದ ಮೇಲೆ ಬಳೆ ಒಡೆಯಲು ಬಂದ ನೆಂಟರಿಗೆ ಗುಣವತಿಯಮ್ಮ ಬಾಗಿಲಲ್ಲೇ ಅಡ್ಡ ನಿಂತರು. "ಅವಳ ಕೈಗೆ ಯಾರೂ ಕೈ ಹಾಕ್ಲಿಕ್ಕಿಲ್ಲ." ಬಣ್ಣದ ಸೀರೆಗಳನ್ನು ಪೆಟ್ಟಿಗೆಯಿಂದ ಅವರೇ ತೆಗೆದುಕೊಟ್ಟರು. ಇಡ್ಲಿಯ ಹದ ಕಲಿಸಿದರು. ಅತ್ತೆ ಸೊಸೆ ಇಬ್ಬರೂ ಸೇರಿ ನಾಸಿಕದ ಪಕ್ಕದ ದೇವಳಾಲಿ ಸೇನಾ ಕ್ಯಾಂಪಿನ ಕ್ಯಾಂಟೀನುಗಳಿಗೆ ಇಡ್ಲಿ ಮಾಡಿ ಕೊಡುತ್ತ ಬದುಕು ಹಿಡಿದರು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಮತ್ತೆ ಯುದ್ಧ ಬಂತು. ಕ್ಯಾಂಪಿನ ಫಿರಂಗಿಗಳು ಗಡಿಗೆ ಹೋದವು. ಅಭ್ಯಾಸದ ಗುಂಡಿನ ಸದ್ದಿಗೆ ಒಗ್ಗಿದ್ದ ಊರಿಗೆ ಈಗ ಮೌನವೇ ಹೆದರಿಕೆ. ಸಂಜೆಯಾದರೆ ಶತ್ರು ವಿಮಾನಕ್ಕೆ ಕಾಣದಂತೆ ಊರೆಲ್ಲ ದೀಪ ಆರಿಸುವ ಬ್ಲ್ಯಾಕ್‌ಔಟ್.

ಅಂಥದೊಂದು ಸಂಜೆ ಅವರ ಅಂಗಳದಲ್ಲಿ ಸೀಟಿ ಕೇಳಿತು.

"ಬತ್ತೀ ಬುಝಾವ್! ಬತ್ತೀ!"

"ಇವನ ಸೀಟಿಗೆ ಬೆಂಕಿ ಬೀಳ. ಕಿವಿ ಒಡೆದುಹೋಯ್ತು" ಎಂದು ಗುಣವತಿಯಮ್ಮ ಗೊಣಗಿದರು.

ಸೀಟಿ ನಿಂತಿತು. "ಕನ್ನಡದವರೇನ್ರಿ?" ಕತ್ತಲೆಯೊಳಗಿನ ದನಿಗೆ ಒಮ್ಮೆಲೇ ಜೀವ ಬಂದಿತ್ತು. "ಬೈರಿ ಅವ್ವಾರ, ಇನ್ನೊಂದ್ಸಲ ಬೈರಿ. ಕನ್ನಡದಾಗ ಬೈಸ್ಕೊಂಡು ಭಾಳ ದಿನಾ ಆಗಿತ್ತು."

ತೋಳಿಗೆ ಪಟ್ಟಿ ಕಟ್ಟಿಕೊಂಡ ಬೀದಿ ಕಾವಲಿನ ವಾರ್ಡನ್ ಹತ್ತಿರ ಬಂದ. ಹೆಸರು ಮನ್ಮಥಪ್ಪ, ಬೀದರ ಕಡೆಯವನು. ಹಗಲು ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ, ಸಂಜೆ ಈ ಸೀಟಿ.

"ದೀಪ ಎಲ್ಲುಂಟು? ಮುಚ್ಚಿಟ್ಟಿದ್ದೇವಲ್ಲ" ಎಂದರು ಗುಣವತಿಯಮ್ಮ ಜೋರಾಗಿ.

ಮುಚ್ಚಿಟ್ಟದ್ದು ನಿಜ. ಮಗ ಹೋದಂದಿನಿಂದ ಅವರು ಒಂದು ಸಂಜೆಯೂ ತುಳಸಿಯ ಮುಂದೆ ದೀಪ ತಪ್ಪಿಸಿದವರಲ್ಲ. ಬ್ಲ್ಯಾಕ್‌ಔಟ್ ಎಂದಾಗ ಹಣತೆಯನ್ನು ಇಡ್ಲಿ ಬೇಯಿಸುವ ದೊಡ್ಡ ಅಳಗೆಯೊಳಗೆ ಇಳಿಸಿ, ದೀಪ ಉಸಿರಾಡಲಿ ಎಂದು ಮೇಲೆ ತೂತಿನ ತಟ್ಟೆ ಮುಚ್ಚಿದ್ದರು. ಸುತ್ತಲೂ ಕತ್ತಲೆ. ಆದರೆ ಆ ತೂತುಗಳಿಂದ ಬೆಳಕು ನೆಟ್ಟಗೆ ಆಕಾಶಕ್ಕೆ ಏಳುತ್ತಿತ್ತು.

ಮನ್ಮಥಪ್ಪ ಬಗ್ಗಿ ನೋಡಿದ. "ಬೀದಿಯವರಿಗೆ ಕಾಣಂಗಿಲ್ರಿ, ಖರೇ. ಮ್ಯಾಲ ವಿಮಾನದವಂಗ ಮಾತ್ರ ತಟ್ಟಿ ತುಂಬಾ ಇಡ್ಲಿ ಬಡಿಸಿದಾಂಗ ಕಾಣ್ತದ."

ಸರೋಜಿನಿ ನಕ್ಕುಬಿಟ್ಟಳು. ನಕ್ಕ ಮೇಲೆ ತನ್ನ ದನಿಗೆ ತಾನೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ತಲೆ ಎತ್ತಿದ. ಚುಕ್ಕಿ ಚುಕ್ಕಿ ಬೆಳಕು ಅಳಗೆಯತ್ತ ಬಗ್ಗಿದ್ದ ಅವಳ ಗಲ್ಲದ ಮೇಲೆ, ಮೂಗುತಿಯ ಮೇಲೆ ಚೆಲ್ಲಿತ್ತು.

"ದೀಪ ಆರಿಸುವುದಿಲ್ಲ" ಎಂದರು ಗುಣವತಿಯಮ್ಮ.

"ಬ್ಯಾಡ್ರಿ. ತುಳಸಿನ್ನ ಒಳಗ ತರೋಣು."

ತುಳಸಿಗೆ ಕಟ್ಟೆ ಇರಲಿಲ್ಲ. ಬಾಡಿಗೆ ಮನೆ, ಎಣ್ಣೆಯ ದೊಡ್ಡ ತಗಡಿನ ಡಬ್ಬದಲ್ಲಿ ಬೆಳೆದಿತ್ತು. ತುಳಸಿ ಮನೆಯೊಳಗೆ ಬರಬಹುದು ಎಂದು ಅತ್ತೆಗಾಗಲಿ ಸೊಸೆಗಾಗಲಿ ಹೊಳೆದೇ ಇರಲಿಲ್ಲ. ಮಣ್ಣು ತುಂಬಿದ ಆ ಡಬ್ಬವನ್ನು ಮನ್ಮಥಪ್ಪ ಎದೆಗೆ ಅವುಚಿಕೊಂಡು ಚಾವಡಿಗೆ ತಂದ. ಕಿಟಕಿಯ ಗಾಜಿಗೆಲ್ಲ ಕಂದು ಕಾಗದ ಅಂಟಿಸಿದ್ದ ಆ ಮುಂಭಾಗದ ಕೋಣೆಯಲ್ಲಿ, ರೇಡಿಯೋದ ಪಕ್ಕ ತುಳಸಿ ಕೂತಿತು. ಮುಂದೆ ಹಣತೆ.

ಆದರೆ ತುಳಸಿಗೆ ಬಿಸಿಲು ಬೇಕಲ್ಲ. ಬೆಳಿಗ್ಗೆ ಡಬ್ಬ ಹೊರಗೆ ಹೋಗಬೇಕು, ಸಂಜೆ ಒಳಗೆ ಬರಬೇಕು. ಮನ್ಮಥಪ್ಪ ದಿನಕ್ಕೆರಡು ಸಲ ಬರತೊಡಗಿದ.

ಸಂಜೆಗೆ ಆ ಚಾವಡಿ ತುಂಬುತ್ತಿತ್ತು. ಗಂಡಂದಿರು ಗಡಿಯಲ್ಲಿದ್ದ ಹೆಂಗಸರು ಸುದ್ದಿ ಕೇಳಲು ಅಲ್ಲಿಗೇ ಬರುತ್ತಿದ್ದರು. ಪಕ್ಕದ ಮನೆಯ ಶಾಂತಾಬಾಯಿ ರೇಡಿಯೋಗೆ ಅಂಟಿಕೊಂಡೇ ಕೂರುತ್ತಿದ್ದಳು. ಅವಳ ಗಂಡ ಫಿರಂಗಿ ದಳದವನು. ಸುದ್ದಿ ಮುಗಿದು ಗಡಿಯಲ್ಲಿ ಅವನಿದ್ದ ಭಾಗದ ಹೆಸರು ಬರದಿದ್ದರೆ ಅವಳಿಗೆ ಉಸಿರು ಬರುತ್ತಿತ್ತು. ಉಸಿರು ಬಂದರೆ ತಮಾಷೆಯೂ ಬರುತ್ತಿತ್ತು.

"ಕಾಯ್ ಹೋ ಭಾವೂಜಿ, ತುಳಸಿ ದಿನಾ ಹಗುರ ಆಗ್ತಿದೆಯೋ ಹೇಗೆ? ಮೊದಲು ಏದುಸಿರು ಬಿಡ್ತಿದ್ರಿ, ಈಗ ಹಾಡು ಗುನುಗ್ತೀರಿ" ಎಂದು ಮರಾಠಿ ಬೆರೆಸಿ ಕೇಳುತ್ತಿದ್ದಳು.

"ಹೆಸರು ನೋಡು, ಮನ್ಮಥಪ್ಪ" ಎಂದು ಗುಣವತಿಯಮ್ಮ ಸೇರಿಸುತ್ತಿದ್ದರು. "ಬಿಲ್ಲಿಲ್ಲ, ಬಾಣ ಇಲ್ಲ. ಒಂದು ಸೀಟಿ, ಒಂದು ಎಣ್ಣೆ ಡಬ್ಬ."

ಅವನು ತಲೆ ತಗ್ಗಿಸಿ ನಗುತ್ತಿದ್ದ. ಸರೋಜಿನಿ ಚಹಾ ಕೊಡುವಾಗ ಲೋಟದ ಅಂಚನ್ನಷ್ಟೇ ಹಿಡಿಯುತ್ತಿದ್ದ, ಅವಳ ಬೆರಳಿಗೆ ತಾಗದ ಹಾಗೆ. ಆ ಎಚ್ಚರವೇ ಅವಳಿಗೆ ಇಡೀ ಸಂಜೆ ನೆನಪಾಗುತ್ತಿತ್ತು. ಕತ್ತಲೆಯಲ್ಲಿ ಅವನು ಎಲ್ಲಿ ಕೂತಿದ್ದಾನೆಂದು ನೋಡದೆಯೇ ಗೊತ್ತಾಗುತ್ತಿತ್ತು; ಅಂಗಿಯಿಂದ ಗೋಣಿಚೀಲದ, ಶಾಯಿಯ ವಾಸನೆ.

ಒಂದು ಬೆಳಿಗ್ಗೆ ಡಬ್ಬ ಹೊರಗಿಡುವಾಗ ಅವಳೇ ಕೇಳಿದಳು. "ಮನೆಯಲ್ಲಿ ಯಾರೂ ಇಲ್ವಾ?"

"ಹೆಂಡ್ತಿ ಇದ್ಳುರಿ. ಮದುವಿ ಆಗಿ ಎರಡು ವರ್ಷಕ್ಕ ಜ್ವರದಾಗ ಹೋದ್ಳು." ಮಣ್ಣಾದ ಕೈ ಒರೆಸಿಕೊಳ್ಳುತ್ತ ಅಂದ, "ಆಮ್ಯಾಲ ಕ್ವಾರ್ಟರ್ಸ್‌ನಾಗ ನಾನು, ಗಡಿಯಾರ. ಅದೂ ಹಿಂದ ಓಡ್ತದ."

ಯುದ್ಧ ಮುಗಿಯಿತು. ಬೀದಿ ದೀಪ ಹತ್ತಿದ ಸಂಜೆ ಹೆಂಗಸರೆಲ್ಲ ಕಿಟಕಿಯ ಕಾಗದ ಕಿತ್ತು ಕೂಗಾಡಿದರು. ಶಾಂತಾಬಾಯಿಯ ಗಂಡ ಕ್ಷೇಮವೆಂದು ಸುದ್ದಿ ಬಂತು. ಅವಳು ಅಳುತ್ತ ಬಂದು ಗುಣವತಿಯಮ್ಮನ ಕಾಲಿಗೆ ಬಿದ್ದಳು. "ನಿಮ್ಮ ಚಾವಡಿ ಇಲ್ಲದಿದ್ರೆ ನನಗೆ ಹುಚ್ಚು ಹಿಡೀತಿತ್ತು ಆಯಿ." ಗುಣವತಿಯಮ್ಮ ಅವಳ ತಲೆ ಸವರಿದರು. ತಮ್ಮ ಮಗ ಬರಲಿಲ್ಲವೆಂದು ಆ ಹೊತ್ತಿಗೆ ಅವರು ಹೇಳಲಿಲ್ಲ.

ಇನ್ನು ತುಳಸಿಯನ್ನು ಒಳಗೆ ತರಬೇಕಾಗಿರಲಿಲ್ಲ. ಮನ್ಮಥಪ್ಪ ಮರುದಿನ ಸಂಜೆಯೂ ಬಂದ. ಬಂದು, ಡಬ್ಬದ ಮುಂದೆ ಖಾಲಿ ಕೈಯಲ್ಲಿ ನಿಂತ.

"ಸರೋಜಿನಿಬಾಯಿ, ಕೆಲಸ ಮುಗೀತು. ಅದಕ್ಕ ಕೇಳ್ತೀನಿ. ನಮ್ಮ ಕಡೆ ಉಡಿಕಿ ಅಂತ ಅದ. ಗಂಡ ಹೋದಾಕಿಗೆ ಹೊಸಾ ಸೀರಿ ಉಡಿಸಿ ಮದುವಿ ಮಾಡ್ಕೊಂಡು ಮನಿಗೆ ಕರ್ಕೊಂಡು ಹೋಗ್ತಾರ. ತಪ್ಪಂತ ಯಾರೂ ಅನ್ನಂಗಿಲ್ಲ. ಬರ್ತೀರೇನ್ರಿ?"

ಹೌದೆನ್ನಲು ಅವಳ ಮೈಯೆಲ್ಲ ಸಿದ್ಧವಿತ್ತು. "ಈ ಮನೆ ಬಿಟ್ಟು ಹೋಗುವುದಿಲ್ಲ ಅಂತ ಅತ್ತೆಗೆ ಮಾತು ಕೊಟ್ಟಿದ್ದೇನೆ" ಎಂದಳು.

"ಅವ್ವಾರ್ನೂ ಕರ್ಕೊಂಡು ಹೋಗೋಣು."

"ಮಗ ಕೊನೆಗೆ ಇಳಿದುಹೋದದ್ದು ಈ ಮೆಟ್ಟಿಲು. ಇದನ್ನು ಬಿಟ್ಟು ಅವರು ಬರುವುದಿಲ್ಲ. ನಾನು ಕೇಳುವುದೂ ಇಲ್ಲ."

ಅವನು ಒತ್ತಾಯ ಮಾಡಲಿಲ್ಲ. "ಹೌದ್ರಿ" ಎಂದ. ಗೇಟನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಆಮೇಲೆ ಬರಲಿಲ್ಲ.

ಸರೋಜಿನಿ ಕೆಲಸದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಒಂದು ಸಂಜೆ ತುಳಸಿಯ ಡಬ್ಬವನ್ನು ಎತ್ತಲು ಹೆಣಗುತ್ತಿದ್ದಳು.

"ಎಂತ ಮಾಡ್ತಿದ್ದಿ ಹೆಣ್ಣೇ? ಬ್ಲ್ಯಾಕ್‌ಔಟ್ ಹೋಯ್ತಲ್ಲ."

"ಅಭ್ಯಾಸ ಅತ್ತೆ" ಎಂದವಳು ಮುಖ ತಿರುಗಿಸಿದಳು. ತಿರುಗಿಸಿದ್ದು ಸಾಕಾಗಲಿಲ್ಲ, ಭುಜ ಅಲುಗುತ್ತಿತ್ತು.

ಮರುದಿನ ಗುಣವತಿಯಮ್ಮ ಒಳ್ಳೆಯ ಸೀರೆ ಉಟ್ಟರು. "ನಡಿ."

"ಎಲ್ಲಿಗೆ, ತ್ರ್ಯಂಬಕೇಶ್ವರ ದೇವಸ್ಥಾನಕ್ಕಾ?"

"ನಡಿ ಅಂದೆ."

ತಂತಿ ಬಂದಂದಿನಿಂದ ಬೀದಿಯ ಕೊನೆ ದಾಟದಿದ್ದ ಅತ್ತೆ ಟಾಂಗಾ ಹತ್ತಿ ನೇರವಾಗಿ ಸ್ಟೇಷನ್ನಿಗೆ ಹೋದರು. ಮನ್ಮಥಪ್ಪ ಪಾರ್ಸೆಲ್ ಮೂಟೆಗಳ ನಡುವೆ ಇದ್ದ. ಅವರನ್ನು ಕಂಡು ಎದ್ದು ನಿಂತ. ಮೂಟೆಗೆ ವಿಳಾಸ ಬರೆಯುತ್ತಿದ್ದ ಬ್ರಷ್ಷಿನಿಂದ ಶಾಯಿ ಚಪ್ಪಲಿಗೆ ತೊಟ್ಟಿಕ್ಕಿತು.

"ಮಾರಾಯ, ಇವಳನ್ನು ಕೇಳಿದೆಯಂತೆ. ಗೋಡೆಗೆ ಕಿವಿ ಇಲ್ಲ, ನನಗುಂಟು" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಅಂದು ನನಗೆ ಹೆದರಿಕೆ ಇತ್ತು, ಕೇಳಿದೆ. ನೀನು ಮಾತು ಕೊಟ್ಟೆ. ಇವತ್ತು ಆ ಮಾತಿನಿಂದ ನಿನ್ನನ್ನು ಬಿಟ್ಟಿದ್ದೇನೆ. ಹೋಗು."

ಸರೋಜಿನಿ ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟಳು. "ನಾನು ಮಾತಿಗೋಸ್ಕರ ಮಾತ್ರ ಉಳಿದದ್ದು ಅಂತ ತಿಳಿದಿರಾ ಅತ್ತೆ? ನನ್ನ ಬಳೆ ಉಳಿಸಿದವರು ನೀವು. ನನಗೆ ಬಡಿಸದೆ ಒಂದು ದಿನ ಉಂಡವರಲ್ಲ. ನಿಮ್ಮನ್ನು ಬಿಟ್ಟು ಹೋಗಿ ನಾನು ಎಲ್ಲಿ ಸುಖ ಪಡ್ಲಿ? ನನಗೆ ಆ ಬಿಡುಗಡೆ ಬೇಡ."

"ಹಾಗಾದ್ರೆ ಇವನು ಬೇಡ್ವಾ?"

ಅವಳು ಕಣ್ಣೆತ್ತಿ ಅವನನ್ನು ನೋಡಿದಳು. ಕತ್ತಲೆಯಲ್ಲಿ ಅಷ್ಟು ಸಂಜೆ ಅಡಗಿಸಿಟ್ಟದ್ದೆಲ್ಲ ಆ ಹಗಲು ಬೆಳಕಿನಲ್ಲಿ, ಹಮಾಲರ ಎದುರಿಗೇ, ಮುಖದ ಮೇಲಿತ್ತು.

ಮನ್ಮಥಪ್ಪ ಬ್ರಷ್ ಕೆಳಗಿಟ್ಟ. "ಅವ್ವಾರ, ಹೆಣ್ಣು ಗಂಡಿನ ಮನಿಗೆ ಹೋಗ್ಬೇಕಂತ ನಾನೂ ಸುಮ್ನ ಹಿಡ್ಕೊಂಡು ಕೂತಿದ್ದೆ. ನಂದೇನದ, ಒಂದು ಟ್ರಂಕು, ಒಂದು ಹಾಸಿಗಿ, ಹಿಂದ ಓಡೋ ಗಡಿಯಾರ. ನಾನ ಬರ್ತೀನಿ. ಜಾಗಾ ಅದ ಏನ್ರಿ ನಿಮ್ಮ ಮನ್ಯಾಗ?"

"ಮನೆ ಅಳಿಯ ಅಂತ ಜನ ನಗಾಡ್ತಾರೆ" ಎಂದರು ಗುಣವತಿಯಮ್ಮ.

"ನಗಲಿ. ಕನ್ನಡದಾಗ ನಕ್ರ ಇನ್ನೂ ಛಲೋ."

"ನನಗೆ ಮಗಳೇ ಇಲ್ಲ, ಅಳಿಯ ಎಲ್ಲಿಂದ ಬಂದ" ಎನ್ನುತ್ತಲೇ ಗುಣವತಿಯಮ್ಮ ಸೊಸೆಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು. ಸರೋಜಿನಿ ಅವರ ಸೀರೆಯೊಳಗೆ ಮುಖ ಹುದುಗಿಸಿ, "ಜಾಗ ಉಂಟು ಅಂತ ಹೇಳಿ ಅತ್ತೆ, ಬೇಗ ಹೇಳಿ" ಎಂದಳು.

ಸಂಕ್ರಾಂತಿ ಕಳೆದ ಮೇಲೆ ನಾಸಿಕದಲ್ಲಿ ಮದುವೆಯಾಯಿತು. ಹೊಸ ಸೀರೆಯನ್ನು ಗುಣವತಿಯಮ್ಮನೇ ಉಡಿಸಿದರು. ಶಾಂತಾಬಾಯಿ ಗಂಡನೊಂದಿಗೆ ಬಂದು ಎಲ್ಲರಿಗಿಂತ ಜೋರಾಗಿ ಅತ್ತಳು, ಎಲ್ಲರಿಗಿಂತ ಹೆಚ್ಚು ಜಿಲೇಬಿ ತಿಂದಳು. ಸಂಜೆಗೆ ಮನ್ಮಥಪ್ಪನ ಟ್ರಂಕು ಚಾವಡಿಗೆ ಬಂತು.

ಸರೋಜಿನಿ ಆ ಮನೆ ಬಿಟ್ಟು ಹೋಗಲಿಲ್ಲ.