ಮೂಕ ದಾಸಿಯ ಲಂಗ

“ಅಲ್ಲಾಡ್ಬೇಡ, ಪಿನ್ನು ಚುಚ್ಚೀತು!” ಎಂದು ಅತ್ತೆ ಮೊಮ್ಮಗಳ ಭುಜ ಅದುಮಿದರು. ಗ್ರೀನ್‌ರೂಮಿನ ಕನ್ನಡಿಯೆದುರು ನಿಂತ ಹುಡುಗಿಯ ಮೈಮೇಲೆ ಬೂದುಬಣ್ಣದ ಲಂಗ. ಬಾಗಿಲಲ್ಲಿದ್ದ ಸೊಸೆ ಅದನ್ನು ನೋಡಿದಳು. ಅಯ್ಯೋ, ಅದು ಅವಳ ಲಂಗ! ಮದುವೆಯಾಗಿ ಅತ್ತೆಯ ನಾಟಕ ಕಂಪನಿಗೆ ಬಂದಂದಿನಿಂದ ಮೂಕ ದಾಸಿಯ ಪಾತ್ರಕ್ಕೆ ಅವಳು ಉಟ್ಟು ಸವೆಸಿದ ಲಂಗ.

“ನಾಳೆಯಿಂದ ಮೂಕಿ ಪಾತ್ರ ಇವಳದ್ದು. ನಿನ್ನ ಮುಖ ಜೋತುಬಿತ್ತು.”

“ಅತ್ತೆ, ಅವಳ ಶಾಲೆ…”

“ಬಾಯಿಲ್ಲದ ಪಾತ್ರಕ್ಕೆ ಅಕ್ಷರ ಯಾಕೆ? ಬಿಡಿಸಿದ್ರಾಯ್ತು.”

ಮನೆಯಲ್ಲಿ ಎಲ್ಲರೂ ಮಾತಿನಮಲ್ಲಿ ಎಂದೇ ಕರೆಯುತ್ತಿದ್ದ ಹುಡುಗಿ, ದಾರಿಯ ಕಾಗೆಯನ್ನೂ ಮಾತಾಡಿಸದೆ ಬಿಡದವಳು, ಅಂದು ತುಟಿ ಪಿಟಕ್ಕೆನ್ನಲಿಲ್ಲ. ಕನ್ನಡಿಯಲ್ಲೇ ಅಮ್ಮನನ್ನು ನೋಡಿದಳು. ಆ ನೋಟ…! ಸೊಸೆ ಟಿಕೆಟ್ ಕಿಟಕಿಗೆ ಓಡಿ ಗಂಡನ ಮುಂದೆ ಅತ್ತಳು. “ಅಮ್ಮ ಅಂದ್ಮೇಲೆ ಮುಗೀತಲ್ಲ, ನಂದೇನಿದೆ?” ಎಂದ ಆ ಪುಣ್ಯಾತ್ಮ.

ಸೊಸೆಯೇನು ಹುಟ್ಟುಮೂಕಿಯೇ? ಮದುವೆಗೆ ಮುಂಚೆ ಅವಳು ರಂಗದ ಮೇಲೆ ಬಾಯಿ ತೆರೆದರೆ ಕೊನೆಯ ಸಾಲಿನವನೂ ನೆಟ್ಟಗೆ ಕೂರುತ್ತಿದ್ದ. ಒಂದು ಒರೆಯಲ್ಲಿ ಎರಡು ಕತ್ತಿ ಬೇಡವೆಂದೇ ಅತ್ತೆ ಅವಳಿಗೆ ಮಾತಿಲ್ಲದ ಪಾತ್ರ ಕೊಟ್ಟದ್ದು. ಆದರೆ ದೇವರ ಆಟ ನೋಡಿ, ಈಚೆಗೆ ರಂಗದ ಮೇಲೆ ಅತ್ತೆಗೇ ಮಾತು ಮರೆತುಹೋಗತೊಡಗಿತ್ತು. ಯಜಮಾನಿಯ ಪಾತ್ರದಲ್ಲಿ ಅವರು ಕನ್ನಡಿಯೆದುರು ಕೂರುತ್ತಿದ್ದರು. ಮೂಕಿ ಜನರಿಗೆ ಬೆನ್ನು ಹಾಕಿ ಅವರ ತಲೆ ಬಾಚುತ್ತಾ, ಮುಂದಿನ ಮಾತನ್ನು ಕಿವಿಯಲ್ಲಿ ಉಸುರುತ್ತಿದ್ದಳು. ಚಪ್ಪಾಳೆ ಮಾತ್ರ ಅತ್ತೆಗೆ!

“ನಾನಿಲ್ದಿದ್ರೆ ಮಾತು ಯಾರು ಹೇಳ್ಕೊಡ್ತಾರೆ ಅತ್ತೆ?” ಎಂದು ಅವಳು ಕೊನೆಯದಾಗಿ ಕೇಳಿದಳು.

“ಹೇಳ್ಕೊಡೋದಾ! ಸೊಳ್ಳೆ ಥರ ಕಿವೀಲಿ ಗುಂಯ್‌ಗುಡ್ತೀಯ, ಹೋಗ್ಲಿ ಅಂತ ಸಹಿಸ್ಕೊಂಡಿದೀನಿ. ನನಗೆ ಹೇಳ್ಕೊಡೋಳು ಇನ್ನೂ ಹುಟ್ಬೇಕು!”

ಪಾಪ, ಅವರು ಅದನ್ನು ನಿಜವೆಂದೇ ನಂಬಿದ್ದರು.

ಆ ಸಂಜೆ ಪರದೆ ಸರಿಯಿತು. ಬಾಚಣಿಗೆ ಓಡಾಡತೊಡಗಿತು. “ಈ ಮನೆಯಲ್ಲಿ ನನ್ನ ಮಾತು ಮೀರಿದವರು…” ಎಂದು ಗುಡುಗಿದ ಅತ್ತೆ ಮುಂದಿನ ಮಾತು ಮರೆತು ಅಲ್ಲೇ ತಡೆದರು. ಕಿವಿಯಲ್ಲಿ ಏನೂ ಕೇಳಲಿಲ್ಲ. ಸೊಸೆ ಸುಮ್ಮನೆ ಬಾಚುತ್ತಿದ್ದಳು. ಜನರ ನಡುವೆ ಒಂದು ಕುರ್ಚಿ ಕಿರ್ರೆಂದಿತು. ಅತ್ತೆಯ ಹಣೆಯ ಬಣ್ಣ ಬೆವರಿನಲ್ಲಿ ಕರಗಿ ಇಳಿಯತೊಡಗಿತು.

“ಹೇಳೇ…” ಅತ್ತೆ ತುಟಿ ಅಲುಗಿಸದೆ ಉಸುರಿದರು.

“ನನ್ನ ಮಗಳನ್ನ ಬಿಟ್ಬಿಡಿ.”

“ಮಾನ ಹೋಗ್ತಿದೆ ಕಣೇ!”

“ಅವಳನ್ನ ಹಾಸ್ಟೆಲ್‌ಗೆ ಸೇರ್ಸಿ, ಓದ್ಕೊಳ್ಲಿ. ಈ ಲಂಗ ನಾನೇ ಉಡ್ತೀನಿ… ಸಾಯೋವರೆಗೂ ಉಡ್ತೀನಿ ಅತ್ತೆ.”

ಅತ್ತೆಯ ಕೈ ಶಾಲಿನಡಿಯಿಂದ ಬಂದು ಸೊಸೆಯ ಮಣಿಕಟ್ಟು ಹಿಡಿಯಿತು. ಉಗುರು ಚರ್ಮಕ್ಕೆ ಇಳಿಯಿತು. “ಆಗ್ಲಿ. ಆದ್ರೆ ನೀನು ನನ್ನ ಬಿಟ್ಟು ಎಲ್ಲೂ ಹೋಗ್ಕೂಡ್ದು.”

“ಹೋಗಲ್ಲ.”

ಆಮೇಲಷ್ಟೇ ಸೊಸೆ ಬಗ್ಗಿ ಕಿವಿಯಲ್ಲಿ ಮುಂದಿನ ಮಾತು ಕೊಟ್ಟಳು. “…ಮೀರಿದವರು ಯಾರೂ ಉಳಿದಿಲ್ಲ!” ಎಂದು ಅತ್ತೆ ಅಬ್ಬರಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮೌನವೂ ಅಭಿನಯವೆಂದೇ ತಿಳಿದಿದ್ದರು!

ಅತ್ತೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹುಡುಗಿ ಹೊರಡುವ ದಿನ ಬಸ್ಸಿನ ಕಿಟಕಿಯಲ್ಲಿ ಬಾಯಿಗೆ ಬಿಡುವಿಲ್ಲ. “ಅಲ್ಲಿ ಲೈಬ್ರರಿ ಇದೆಯಂತೆ ಅಮ್ಮ, ಡಿಬೇಟ್ ಇರುತ್ತಂತೆ… ನೀನೂ ಬಂದ್ಬಿಡೇ, ಅಮ್ಮ!” ಸೊಸೆ ಕಿಟಕಿಯ ಸರಳು ಹಿಡಿದಳು. “ನೀನು ಮಾತಾಡು ಮಗಳೇ… ಬಾಯ್ತುಂಬ ಮಾತಾಡು,” ಎಂದಷ್ಟೇ ಅಂದಳು. ಬಸ್ಸು ಹೊರಟಿತು.

ಅಂದು ಸಂಜೆ ಬಣ್ಣ ಹಚ್ಚಿಕೊಳ್ಳುತ್ತಾ ಅತ್ತೆ, “ಆವತ್ತಿನ ಆ ಮೌನ ಜನಕ್ಕೆ ಹಿಡಿಸಿದೆ. ದಿನಾ ಅಷ್ಟೇ ಹೊತ್ತು ಸುಮ್ನಿದ್ದು ಆಮೇಲೆ ಹೇಳು,” ಎಂದರು. ದನಿಯಲ್ಲಿ ಎಂದಿನ ದರ್ಪ. ಆದರೆ ಕನ್ನಡಿಯಲ್ಲಿ ಸೊಸೆಯ ಕಣ್ಣನ್ನು ಎದುರಿಸಲಿಲ್ಲ.

ಈಗಲೂ ಆ ಮಾತಿನ ಹತ್ತಿರ ಬಾಚಣಿಗೆ ನಿಲ್ಲುತ್ತದೆ. ಸೊಸೆ ಇವತ್ತು ಹೇಳುತ್ತಾಳೋ ಇಲ್ಲವೋ ಎಂದು ಮುದುಕಿಯ ಕತ್ತು ಸಣ್ಣಗೆ ನಡುಗುತ್ತದೆ. ಎಲ್ಲೋ ದೂರದಲ್ಲಿ ಮಗಳು ವಟವಟ ಮಾತಾಡುತ್ತಿರುವುದನ್ನು ಸೊಸೆ ಒಂದು ಗಳಿಗೆ ನೆನೆಯುತ್ತಾಳೆ, ಆಮೇಲೆ ಬಗ್ಗಿ ಮಾತು ಕೊಡುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ. ಅವಳು ಬಾಚಣಿಗೆಗೆ ಸಿಕ್ಕಿದ ನರೆಗೂದಲು ಬಿಡಿಸಿ, ಇನ್ನೊಂದು ಬದಿ ಬಾಚತೊಡಗುತ್ತಾಳೆ.